ಕಾಯಿಸೋದಕ್ಕೇ ಸಂಬಳ

ಡಿಪ್ಲೊಮಾ ಮುಗಿಸಿ ಶಿವಮೊಗ್ಗ ಹತ್ತಿರದ ಒಂದು ಕಲ್ಲು ಕ್ವಾರಿಗೆ ಟ್ರೈನಿ ಸೂಪರ್‌ವೈಸರ್ ಆಗಿ ಸೇರಿದಾಗ, ನಾನು ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತು ಕೆಲಸ ಮಾಡಿಸ್ತೀನಿ ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಅಸಲಿಗೆ ನಾನು ಮಾಡೋದು ಕೆಲಸ ನಿಲ್ಲಿಸೋದು. ಟಿಪ್ಪರ್ ಡ್ರೈವರ್‌ಗಳಿಗೆ ಟ್ರಿಪ್ ಲೆಕ್ಕದಲ್ಲಿ ದುಡ್ಡು, ಕಂಪ್ರೆಸರ್ ಬಾಡಿಗೆದು, ಕ್ರಷರ್ ಖಾಲಿ ತಿರುಗಿದರೆ ಮಾಲೀಕರ ಮುಖ ಗಂಟಿಕ್ಕುತ್ತೆ. ಇಷ್ಟೂ ಜನರ ಮಧ್ಯೆ ನಿಂತು, ಮೀಸೆ ಸರಿಯಾಗಿ ಬಾರದ ಹುಡುಗ ‘ಸ್ವಲ್ಪ ತಡೀರಿ’ ಅನ್ನಬೇಕು.

ಬೆಳಿಗ್ಗೆ ಮೊದಲು ಬಂಡೆ ಬಡಿದು ನೋಡೋದು. ಇದನ್ನ ನನಗೆ ಕಲಿಸಿದ್ದು ಪುಸ್ತಕ ಅಲ್ಲ, ನಮ್ಮ ಮೇಸ್ತ್ರಿ. ಹಾರೆ ತುದಿಯಿಂದ ಕುಟ್ಟಿದರೆ ಗಟ್ಟಿ ಕಲ್ಲು ಠಣ್ ಅನ್ನುತ್ತೆ. ಒಳಗೆ ಬಿರುಕು ಬಿಟ್ಟಿದ್ದರೆ ಪೊಳ್ಳು ಸದ್ದು, ಡಬ್ ಅಂತ. ಆ ಡಬ್ ಕೇಳಿದ ಕಡೆ ಕಲ್ಲನ್ನ ಮೇಲಿಂದ ಮೀಟಿ ಬೀಳಿಸೋವರೆಗೂ ಕೆಳಗೆ ಯಾರೂ ಹೋಗೋ ಹಾಗಿಲ್ಲ. ನಮ್ಮ ಕಡೆ ಮಳೆ ಗೊತ್ತಲ್ವಾ, ಜೂನ್ ಬಂತು ಅಂದ್ರೆ ಬಿರುಕಿಗೆಲ್ಲ ನೀರು ಇಳಿದು, ನಿನ್ನೆ ಠಣ್ ಅಂದ ಕಲ್ಲು ಇವತ್ತು ಡಬ್ ಅನ್ನುತ್ತೆ.

ಬ್ಲಾಸ್ಟಿಂಗ್ ದಿನ ಇನ್ನೂ ಜಾಸ್ತಿ ಬೈಗುಳ. ಮದ್ದು ತುಂಬೋದು ಲೈಸೆನ್ಸ್ ಇರೋ ಬ್ಲಾಸ್ಟರ್. ಬಂಡೆಯಲ್ಲಿ ಕೊರೆದ ಕುಳಿಗೆ ಜಿಲೆಟಿನ್ ಕಡ್ಡಿ, ಅದನ್ನ ಸಿಡಿಸೋ ಕೇಪು ಇಳಿಸಿ, ಮೇಲೆ ಮಣ್ಣು ಹಾಕಿ ಮರದ ಕೋಲಲ್ಲೇ ಒತ್ತಬೇಕು, ಕಬ್ಬಿಣ ಮುಟ್ಟಿಸೋ ಹಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಕಡೆ ಗುಡುಗು ಕೇಳಿಸಿದರೆ ಅರ್ಧ ತುಂಬಿದ್ದನ್ನೂ ಬಿಟ್ಟು ಎಲ್ಲರೂ ದೂರ ಹೋಗಬೇಕು, ಯಾಕಂದ್ರೆ ಕೇಪು ಸಿಡಿಯೋಕೆ ನಮ್ಮ ಬಟನ್ನೇ ಬೇಕು ಅಂತಿಲ್ಲ, ಸಿಡಿಲೂ ಸಾಕು. ಸಿಡಿಸೋ ಮುಂಚೆ ರಸ್ತೆಯ ಎರಡೂ ಕಡೆ ಕೆಂಪು ಬಾವುಟ ಹಿಡಿದು ಜನ ನಿಲ್ಲಬೇಕು. ಹಾಲಿನ ಬೈಕಿನವರು, ಮದುವೆಗೆ ಹೊರಟವರು, ಎಲ್ಲರೂ ನನ್ನನ್ನೇ ನೋಡ್ತಾರೆ.

ಊರಿನವರ ಸಿಟ್ಟು ಸುಮ್ನೆ ಬಂದಿದ್ದಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಪಕ್ಕದ ಹುಣಸೋಡಿನಲ್ಲಿ, ಕ್ರಷರ್ ಹತ್ರ ಸ್ಫೋಟಕ ಸಿಡಿದಾಗ ಚಿಕ್ಕಮಗಳೂರು ಕಡೆಯವರೂ ಭೂಕಂಪ ಅಂತ ಮನೆಯಿಂದ ಹೊರಗೆ ಓಡಿ ಬಂದಿದ್ದರು. ಅಲ್ಲಿ ಸಿಡಿದದ್ದು ಕುಳಿಗೆ ತುಂಬಿದ ಮದ್ದೂ ಅಲ್ಲ, ಗಾಡಿಯಲ್ಲಿ ತಂದಿದ್ದ ಮಾಲು. ಆಮೇಲೆ ಇಲ್ಲಿ ಕ್ವಾರಿ ಅಂದ್ರೆ ಜನ ಮೊದಲು ಕೇಳೋದೇ ‘ಮದ್ದು ಎಲ್ಲಿ ಇಟ್ಟಿದೀರಿ?’ ಅಂತ. ಕೇಳಲೇಬೇಕು ಕೂಡ.

ಸಿಡಿದ ಮೇಲೂ ಕಾಯೋದು ಮುಗಿಯಲ್ಲ. ಹೊಗೆ ಹೋಗಬೇಕು, ಆಮೇಲೆ ಯಾವ ಕುಳಿಯಾದರೂ ಸಿಡಿಯದೆ ಉಳಿದಿದೆಯಾ ಅಂತ ಹುಡುಕಬೇಕು. ಉಳಿದಿದ್ದರೆ ಅದನ್ನ ಕೆದಕಿ ಮದ್ದು ತೆಗೆಯೋ ಹಾಗಿಲ್ಲ. ಪಕ್ಕದಲ್ಲಿ ಕನಿಷ್ಠ 30 ಸೆಂಟಿಮೀಟರ್ ಬಿಟ್ಟು ಅದಕ್ಕೆ ಸಮಾನಾಂತರವಾಗಿ ಬೇರೆ ಕುಳಿ ಹೊಡೆದು ಸಿಡಿಸಬೇಕು. ಇದಕ್ಕಿಂತ ಮೋಸದ್ದು ಹಳೇ ಕುಳಿಯ ಬುಡ. ಬಂಡೆ ಹಾರಿದ ಮೇಲೆ ತಳದಲ್ಲಿ ಗೇಣುದ್ದ ತೂತು ಉಳಿದಿರುತ್ತೆ, ಡ್ರಿಲ್ ಇಡೋಕೆ ಮಾಡಿಕೊಟ್ಟ ಹಾಗೇ. ಹೊಸ ಹುಡುಗರು ಅಲ್ಲೇ ಜ್ಯಾಕ್‌ಹ್ಯಾಮರ್ ಊರೋಕೆ ಹೋಗ್ತಾರೆ, ಅರ್ಧ ಕೆಲಸ ಉಳೀತು ಅಂತ. ಒಳಗೆ ಚೂರು ಮದ್ದು ಉಳಿದಿದ್ದರೆ ಕಥೆ ಅಲ್ಲಿಗೆ ಮುಗೀತು. ನಾನು ಅಂಥ ಬುಡಕ್ಕೆಲ್ಲ ಮರದ ಗೂಟ ಹೊಡೆಸಿ ಬಣ್ಣ ಬಳಿಸ್ತೀನಿ. ಮೇಸ್ತ್ರಿ ಮೊದಮೊದಲು ‘ರಂಗೋಲಿ ಆಯ್ತಾ ಸಾರ್?’ ಅಂತ ಛೇಡಿಸೋರು. ಈಗ ಬಣ್ಣದ ಡಬ್ಬ ಅವರೇ ತರ್ತಾರೆ.

ಇನ್ನೂ ಗೆಲ್ಲದೇ ಇರೋದು ಧೂಳಿನ ಜಗಳ. ಒಣಗಲ್ಲು ಕೊರೆದಾಗ ಏಳೋ ಧೂಳಲ್ಲಿ ಸಿಲಿಕಾ ಇರುತ್ತೆ, ವರ್ಷಗಟ್ಟಲೆ ಕುಡಿದರೆ ಶ್ವಾಸಕೋಶ ಗಟ್ಟಿಯಾಗಿ ಸಿಲಿಕೋಸಿಸ್ ಬರುತ್ತೆ, ಬಂದ ಮೇಲೆ ವಾಸಿ ಆಗಲ್ಲ. ನೀರು ಹಾಕಿಕೊಂಡು ಕೊರೆದರೆ ಧೂಳು ಎಷ್ಟೋ ಕಮ್ಮಿ. ಆದ್ರೆ ಬೇಸಿಗೆಯಲ್ಲಿ ನೀರು ತರಿಸೋಕೆ ದುಡ್ಡು, ಕೊರೆಯೋರಿಗೆ ಕೆಸರು ಅಂದ್ರೆ ಕಿರಿಕಿರಿ. ಅವರು ಮೂಗಿಗೆ ಟವೆಲ್ ಕಟ್ಟಿಕೊಂಡು ‘ಏನಾಗಲ್ಲ ಬಿಡಿ ಸಾರ್’ ಅಂತಾರೆ. ಟವೆಲ್ ಈ ಧೂಳನ್ನ ತಡೆಯಲ್ಲ. ಮಳೆಗಾಲದಲ್ಲಿ ಗುಂಡಿಯಲ್ಲಿ ನಿಂತ ನೀರನ್ನೇ ಟ್ಯಾಂಕಿಗೆ ಎತ್ತಿಸಿ ಇಡೋಣ ಅಂತ ಮಾಲೀಕರ ಹತ್ರ ಮಾತು ಎತ್ತಿದೀನಿ. ‘ನೋಡೋಣ’ ಅಂದಿದ್ದಾರೆ.