19ನೇ ಗೇಟು, 9ನೇ ಕ್ಲಾಸು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತಲ್ಲ, ಆ ವಾರ ಗಂಗಾವತಿ ಕಡೆಯ ನಮ್ಮ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಪಠ್ಯಪುಸ್ತಕ ಬದಿಗಿಟ್ಟೆ. ಒಂದು ಇಂಗ್ಲಿಷ್ ಪೇಪರು, ಒಂದು ಕನ್ನಡ ಪೇಪರು ಓದಿ, ಆಮೇಲೆ ನಿಮ್ಮ ಮನೆಯ ಸುದ್ದಿಯನ್ನು ಇಂಗ್ಲಿಷಿನಲ್ಲಿ ಬರೆಯಿರಿ ಅಂದೆ.

ಮೊದಲ ದಿನವೇ ಒಬ್ಬಳು ಡಿಕ್ಷನರಿ ಹಿಡಿದು ಎದ್ದಳು. "ಸರ್, ಕ್ರೆಸ್ಟ್ ಅಂದ್ರ ಕೋಳಿ ಜುಟ್ಟು ಅಂತ ಐತ್ರಿ. ಡ್ಯಾಮಿಗೆ ಎಲ್ಲೈತ್ರಿ ಜುಟ್ಟು?" ಬೋರ್ಡಿನ ಮೇಲೆ ಅಣೆಕಟ್ಟು ಬರೆದು, ಅದರ ನೆತ್ತಿಗೆ 33 ಗೇಟುಗಳ ಸಾಲು ಎಳೆದೆ. ಇಡೀ ಕ್ಲಾಸು "ಹೌದಲ್ರಿ!" ಅಂತು.

ನಾವು ಓದಿದ ಇಂಗ್ಲಿಷ್ ವರದಿಯ ತುಂಬ ಕ್ಯೂಸೆಕ್, ಟಿಎಂಸಿ ಅಂತ ನೀರಿನ ಅಳತೆಯ ಲೆಕ್ಕ. ಭತ್ತ ನಾಟಿ ಮಾಡಿ ಕಾಲುವೆ ನೀರು ನೆಚ್ಚಿಕೊಂಡವರ ಮಾತು ಕೊನೆಯ ಪ್ಯಾರಾದಲ್ಲಿ ಎರಡು ಸಾಲು. ಇದನ್ನು ಮಕ್ಕಳೇ ಗುರುತಿಸಿದರು, ಸಿಟ್ಟಿನಿಂದ.

ಜೂನಿನಿಂದ ಒಂದು ವಾಕ್ಯವನ್ನೂ ಬರೆಯದ ಹಿಂದಿನ ಬೆಂಚಿನ ಹುಡುಗ ಬರೆದಿದ್ದ: "ಮೈ ಫಾದರ್ ನಾಟ್ ಸ್ಲೀಪ್. ಹೀ ಸೀ ಕೆನಾಲ್. ಅಗೇನ್ ಸೀ ಕೆನಾಲ್."

ಎತ್ತಿದ ಕೆಂಪು ಪೆನ್ನು ಕೆಳಗಿಟ್ಟೆ. ವ್ಯಾಕರಣ ಮರುದಿನ ಅವನ ಪಕ್ಕ ಕೂತು ತಿದ್ದಿಸಿದೆ. ಆ "ಅಗೇನ್" ಮಾತ್ರ ಅಳಿಸಲು ಬಿಡಲಿಲ್ಲ. ಗೈಡಿನ ಪ್ರಬಂಧ ಉರು ಹೊಡೆಸುವುದಕ್ಕಿಂತ ಇದು ನಿಧಾನದ ಕೆಲಸ. ಆದರೂ ಇದನ್ನೇ ಮಾಡುತ್ತೇನೆ.

ಸುಮಾರು ಒಂದು ವಾರಕ್ಕೆ ಗೇಟಿನ ಜಾಗದಲ್ಲಿ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಅಡ್ಡತಡೆ, ಕೂರಿಸಿ ನೀರು ನಿಲ್ಲಿಸಿದರು. ಅವತ್ತು ಪೇಪರು ತಂದವನು ಅವನೇ. ಇಂಗ್ಲಿಷ್ ತಲೆಬರಹವನ್ನು ಎದ್ದು ನಿಂತು, ಜೋರಾಗಿ ಓದಿದ.