ಕಾಮರ್ಸ್‌ನವರ ಬೇಸಿಕ್ ಮ್ಯಾಥ್ಸ್ ಬಗ್ಗೆ ನಾಲ್ಕು ಮಾತು

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು ಅಂದ್ರೆ ಪರಿಚಯದವರು ಫೋನ್ ಮಾಡಿ ಕೇಳೋದು ಒಂದೇ, ಸರ್ ಮಗಳು ಕಾಮರ್ಸ್ ತಗೋತಾಳಂತೆ, ಹೆಚ್‌ಇಬಿಎಗೆ ಸೇರಿಸ್ಲಾ ಸಿಇಬಿಎಗೆ ಸೇರಿಸ್ಲಾ ಅಂತ (ಪಿಯುಸಿ ಕಾಮರ್ಸ್‌ನ ಕಾಂಬಿನೇಷನ್‌ಗಳು, ಮೊದಲನೇದ್ರಲ್ಲಿ ಹಿಸ್ಟರಿ, ಎರಡನೇದ್ರಲ್ಲಿ ಕಂಪ್ಯೂಟರ್ ಸೈನ್ಸ್). ಬೇಸಿಕ್ ಮ್ಯಾಥ್ಸ್, ಅಂದ್ರೆ ಕಾಮರ್ಸ್‌ನವರ ಗಣಿತ, ಇರೋ ಕಾಂಬಿನೇಷನ್ ಸಿಕ್ರೆ ಅದನ್ನೇ ಕೊಡ್ಸಿ ಅಂತೀನಿ ನಾನು. ಗಣಿತ ಬೇಡ ಅಂತಾನೇ ಅಲ್ವಾ ಸರ್ ಸೈನ್ಸ್ ಬಿಟ್ಟಿದ್ದು ಅಂತಾರೆ.

ಈ ಬೇಸಿಕ್ ಮ್ಯಾಥ್ಸ್ ಸೈನ್ಸ್ ಮಕ್ಕಳ ಗಣಿತಕ್ಕೆ ನೀರು ಬೆರೆಸಿ ಕೊಟ್ಟಿದ್ದು ಅಂತ ಎಷ್ಟೋ ಜನ ಅಂದ್ಕೊಂಡಿದಾರೆ, ಹಾಗಲ್ಲ. ಮ್ಯಾಟ್ರಿಕ್ಸು, ಟ್ರಿಗನಾಮೆಟ್ರಿ, ಒಂದಿಷ್ಟು ಕ್ಯಾಲ್ಕುಲಸ್ಸು ಇದ್ರಲ್ಲೂ ಇದೆ, ಆದ್ರೆ ಜೊತೆಗೆ ಪಿಸಿಎಂಬಿಯವರು (ಸೈನ್ಸ್ ಮಕ್ಕಳು) ಎರಡು ವರ್ಷದಲ್ಲಿ ಮುಟ್ಟದೇ ಇರೋ ಪಾಠಗಳೂ ಇದಾವೆ, ಆನ್ಯುಯಿಟಿ, ಬಿಲ್ ಡಿಸ್ಕೌಂಟಿಂಗ್, ಸ್ಟಾಕ್ಸ್ ಅಂಡ್ ಶೇರ್ಸ್, ಲರ್ನಿಂಗ್ ಕರ್ವ್. ನನಗೆ ಈ ಸಬ್ಜೆಕ್ಟ್ ಮೇಲೆ ಪ್ರೀತಿ ಇರೋದೇ ಇವುಗಳಿಂದ.

ಆನ್ಯುಯಿಟಿ ತಗೊಳ್ಳಿ. ಸಮ ಅಂತರದಲ್ಲಿ ಸಮ ಮೊತ್ತ ಕಟ್ತಾ ಹೋಗೋದು, ಅಷ್ಟೇ. ಪ್ರೋಗ್ರೆಷನ್ಸ್‌ನಲ್ಲಿ ಕಲಿತ ಜಿಪಿ (ಒಂದೇ ಸಂಖ್ಯೆಯಿಂದ ಗುಣಿಸ್ತಾ ಹೋಗೋ ಸಾಲು) ಮೊತ್ತಾನೇ ಇಲ್ಲಿ ಬಂದು ಕೂರುತ್ತೆ, ಅದೇ ನಮ್ಮ ಇಎಂಐ, ಸಾಲದ ತಿಂಗಳ ಕಂತು. ಈಗ 1 ಲಕ್ಷ ಸಾಲ, ಒಂದು ವರ್ಷ, 12% ಬಡ್ಡಿ ಅಂತ ಇಟ್ಕೊಳ್ಳಿ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದ್ರೆ ತಿಂಗಳಿಗೆ ಸುಮಾರು 8,885 ರೂಪಾಯಿ, ವರ್ಷದ ಬಡ್ಡಿ 6,600ರ ಆಸುಪಾಸು. ಅದೇ 12% ಫ್ಲಾಟ್ ಅಂದ್ರೆ 1,12,000ನ ಹನ್ನೆರಡು ಭಾಗ ಮಾಡ್ತಾರೆ, ತಿಂಗಳಿಗೆ 9,333, ಬಡ್ಡಿ ಪೂರ್ತಿ 12,000. ಪ್ರತಿ ತಿಂಗಳು ಅಸಲು ತೀರ್ತಾ ಬರ್ತಿದ್ರೂ ಬಡ್ಡಿ ಮಾತ್ರ ಮೊದಲನೇ ದಿನದ 1 ಲಕ್ಷದ ಮೇಲೇ ನಡೀತಾ ಇರುತ್ತೆ, ಹಾಗಾಗಿ ನಿಜವಾದ ದರ 21% ದಾಟುತ್ತೆ. ಬೈಕಿಗೋ ಫ್ರಿಜ್ಜಿಗೋ ಸಾಲ ಮಾಡೋ ಪ್ರತಿ ಮನೆಗೂ ಬೇಕಾದ ಲೆಕ್ಕ ಇದು. ಹದಿನಾರು ವರ್ಷದ ಹುಡುಗಿ ಇದನ್ನ ಬೋರ್ಡ್ ಮೇಲೆ ತಾನೇ ಬಿಡಿಸಿ ಅಪ್ಪನಿಗೆ ಹೋಗಿ ಹೇಳಿದ್ರೆ ಅದಕ್ಕಿಂತ ದೊಡ್ಡ ಪಾಠ ಇನ್ಯಾವುದಿದೆ ಹೇಳಿ.

ಬಿಲ್ ಡಿಸ್ಕೌಂಟಿಂಗ್, ಅಂದ್ರೆ ಮುಂದೆ ಬರೋ ಬಿಲ್ಲಿನ ದುಡ್ಡನ್ನ ಒಂದಿಷ್ಟು ಕಡಿತ ಕೊಟ್ಟು ಬ್ಯಾಂಕಿಂದ ಇವತ್ತೇ ತಗೊಳ್ಳೋದು, ಮಕ್ಕಳಿಗೆ ಬೇಜಾರು, ಯಾಕಂದ್ರೆ ನಾವು ಬಿಡಿ (ಬ್ಯಾಂಕರ್ಸ್ ಡಿಸ್ಕೌಂಟ್) ಅಂತ ಒಂದು ಫಾರ್ಮುಲಾ, ಟಿಡಿ (ಟ್ರೂ ಡಿಸ್ಕೌಂಟ್) ಅಂತ ಇನ್ನೊಂದು ಬರೆದು ಮುಂದಕ್ಕೆ ಹೋಗ್ಬಿಡ್ತೀವಿ. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್ ಅಂದ್ಕೊಳ್ಳಿ, ಬಿಡಿಭಾಗ ಸಪ್ಲೈ ಮಾಡಿದಾರೆ, 50,000 ಬರ್ಬೇಕು, ಇನ್ನೂ 73 ದಿನ ಇದೆ (73 ಯಾಕಂದ್ರೆ ವರ್ಷದ ಸರಿಯಾಗಿ ಐದನೇ ಒಂದು ಭಾಗ). ಸಂಬಳ ಕೊಡೋಕೆ ದುಡ್ಡು ಇವತ್ತೇ ಬೇಕು. ಬ್ಯಾಂಕ್ ಪೂರ್ತಿ 50,000ದ ಮೇಲೆ 10% ಲೆಕ್ಕದಲ್ಲಿ 1,000 ಹಿಡ್ಕೊಂಡು ಉಳಿದಿದ್ದು ಕೊಡುತ್ತೆ, ಇದೇ ಬಿಡಿ. ನ್ಯಾಯವಾಗಿ ಇವತ್ತಿನ ಬೆಲೆ ಮೇಲೆ ಬಡ್ಡಿ ಹಾಕಿದ್ರೆ 980 ರೂಪಾಯಿ 39 ಪೈಸೆ ಆಗ್ಬೇಕಿತ್ತು, ಅದು ಟಿಡಿ, ಆ 19.61 ವ್ಯತ್ಯಾಸವೇ ಬ್ಯಾಂಕರ್ಸ್ ಗೇನ್. ಬಿಲ್ಲಿನ ದುಡ್ಡು ಕಟ್ಟೋ ದಿನಕ್ಕೆ ಮೂರು ದಿನ ಗ್ರೇಸ್ (ಹೆಚ್ಚುವರಿ ಅವಕಾಶ) ಸೇರಿಸೋದು ಕೂಡ ಸುಮ್ನೆ ಅಲ್ಲ, 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲೇ ಇದೆ. ಇದು ಹಳೇ ಕಾಲದ ಪಾಠ ಅನ್ನೋರಿಗೆ ಒಂದು ಮಾತು, ಸಣ್ಣ ಕೈಗಾರಿಕೆಗಳ ಬಿಲ್ಲನ್ನ ಆನ್‌ಲೈನಲ್ಲೇ ಡಿಸ್ಕೌಂಟ್ ಮಾಡೋ ಟ್ರೆಡ್ಸ್ ವ್ಯವಸ್ಥೆಗೆ ಆರ್‌ಬಿಐ 2014ರಲ್ಲಿ ಮಾರ್ಗಸೂಚಿ ಕೊಟ್ಟಿದೆ, ಅದು ಈಗ ಚಾಲ್ತಿಯಲ್ಲಿದೆ.

ಲರ್ನಿಂಗ್ ಕರ್ವ್ ಚಿಕ್ಕ ಪಾಠ, ಆದ್ರೆ ಚೆಂದ. ವಿಮಾನ ತಯಾರಿಕೆ ನೋಡಿ ಟಿ.ಪಿ. ರೈಟ್ ಅನ್ನೋರು 1936ರಲ್ಲಿ ಬರೆದ ವಿಚಾರ, ಉತ್ಪಾದನೆ ಎರಡರಷ್ಟಾದಾಗೆಲ್ಲ ಒಂದಕ್ಕೆ ಹಿಡಿಯೋ ಸರಾಸರಿ ಸಮಯ 80%ಗೆ ಇಳಿಯುತ್ತೆ, 1000 ಗಂಟೆ ಇದ್ದಿದ್ದು 800, ಆಮೇಲೆ 640, 512. ಇದೇ ಸಬ್ಜೆಕ್ಟಲ್ಲಿರೋ ಸರ್ಕಲ್ಲು ಪ್ಯಾರಾಬೋಲಾ ಯಾಕೆ ಅಂತ ಕೇಳಿದ್ರೆ ನಾನು ಜಾಸ್ತಿ ವಾದ ಮಾಡಲ್ಲ, ಮಾರ್ಕ್ಸ್ ತಂದುಕೊಡ್ತವೆ.

ಮುಂದೆ ಸಿಎ ಫೌಂಡೇಷನ್ ಬರೀಬೇಕು ಅನ್ನೋರಿಗಂತೂ ಅಲ್ಲಿನ ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್ ಪೇಪರ್ ಅರ್ಧ ಪರಿಚಯದ್ದೇ ಅನ್ಸುತ್ತೆ, ಬ್ಯಾಂಕ್ ಪರೀಕ್ಷೆಗೂ ಹಾಗೇ.

ಪಾಠ ಮಾಡೋ ಗೆಳೆಯರಲ್ಲಿ ಒಂದು ಕೇಳ್ಕೋತೀನಿ. 2024ರ ಅಕ್ಟೋಬರ್ 1ರಿಂದ ಮಂಜೂರಾಗೋ ರಿಟೇಲ್ ಸಾಲಗಳಿಗೆ ಬ್ಯಾಂಕು, ಫೈನಾನ್ಸ್ ಕಂಪನಿಯವರು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡ್ಬೇಕು ಅಂತ ಆರ್‌ಬಿಐ ಹೇಳಿದೆ, ಅದ್ರಲ್ಲಿ ಎಪಿಆರ್ ಅಂತ ವಾರ್ಷಿಕ ನಿಜದರ ಬರೆದಿರುತ್ತೆ. ಅಂಥದ್ದೊಂದು ಹಾಳೆನ ಹೆಸರು ಅಡ್ರೆಸ್ ಮುಚ್ಚಿ ಜೆರಾಕ್ಸ್ ಮಾಡ್ಸಿ ಆನ್ಯುಯಿಟಿ ಪಾಠದ ದಿನ ಕ್ಲಾಸಲ್ಲಿ ಹಂಚಿ, ಇಎಂಐ ಸರಿ ಇದೆಯಾ ಅಂತ ಮಕ್ಕಳೇ ಲೆಕ್ಕ ಹಾಕಿ ನೋಡ್ಲಿ.