ತೌಡಿನ ಧೂಳು ಅಂದುಕೊಂಡ ಕೆಮ್ಮು

ಜನವರಿಯಲ್ಲಿ ಸೋಮವಾರಪೇಟೆ ಕಡೆ ರಾತ್ರಿ ಚಳಿ ಕೊರೆಯುತ್ತದೆ. ನಾನು ಸೂಪರ್‌ವೈಸರ್ ಆಗಿರುವ ಹಂದಿ ಫಾರ್ಮಿನಲ್ಲಿ ಸಂಜೆ 5ಕ್ಕೇ ಟರ್ಪಾಲು ಇಳಿಸುತ್ತಿದ್ದೆವು. ಪೂರ್ತಿ ಮುಚ್ಚಿ ಅಂತ ಹೇಳಿದ್ದು ನಾನೇ.

ಅದೇ ಹೊತ್ತಿಗೆ ಹೊರಗಿನಿಂದ 14 ಗ್ರೋವರ್, ಅಂದರೆ ಬೆಳೆಯುವ ವಯಸ್ಸಿನ ಹಂದಿಗಳು ಬಂದವು. ಹೊಸ ಹಂದಿಗಳನ್ನು ಬೇರೆ ಇಡುವ ಕ್ವಾರಂಟೈನ್ ಶೆಡ್ಡಿನ ತುಂಬ ಫೀಡ್ ಮೂಟೆ. ಖಾಲಿ ಮಾಡಿಸಿ ಅಂತ ಎರಡು ಸಲ ಕೇಳಿದ್ದೆ. "ಮೂರನೇ ಶೆಡ್ಡಲ್ಲಿ ಕೊನೇ ಅಂಕಣ (ಪೆನ್) ಖಾಲಿ ಇದೆಯಲ್ಲ, ಅಲ್ಲೇ ಬಿಡಿ" ಅಂದರು ಸಾವ್ಕಾರ್ರು. ಹೊಸ ಹಂದಿಗಳು ಚೆನ್ನಾಗಿ ತಿನ್ನುತ್ತಿದ್ದವು, ಒಂದೂ ಕೆಮ್ಮುತ್ತಿರಲಿಲ್ಲ. ಸರಿ ಅಂದುಬಿಟ್ಟೆ.

ಒಂಬತ್ತನೇ ದಿನ ಸಂಜೆ ಅದೇ ಶೆಡ್ಡಿನ ಫಿನಿಷರ್ (ಮಾರಾಟಕ್ಕೆ ಕೊಬ್ಬಿಸುವ ದೊಡ್ಡ ಹಂದಿ) ಪೆನ್ನಲ್ಲಿ ಕೆಮ್ಮು ಕೇಳಿಸಿತು. ರಾತ್ರಿ ಪಾಳಿಯ ಅಣ್ಣ, "ಸರ್, ಇದು ಬೇರೆ ಥರ ಇದೆ" ಅಂದರು. "ತೌಡಿನ ಧೂಳು ಅಣ್ಣ" ಅಂದೆ. ಟರ್ಪಾಲು ಬಿಗಿದು ಮನೆಗೆ ಹೊರಟೆ.

ಬೆಳಿಗ್ಗೆ ಐದೂವರೆಗೆ ಅವರ ಫೋನು. ಓಡಿದೆ. ಟರ್ಪಾಲು ಸರಿಸಿ ಒಳಗೆ ಹೋದರೆ ಕಣ್ಣು ಉರಿ. 80 ಕೆಜಿಯ ಫಿನಿಷರ್ ಒಂದು ಸತ್ತು ಬಿದ್ದಿತ್ತು, ಮೂಗಿನಲ್ಲಿ ರಕ್ತ ಬೆರೆತ ನೊರೆ. ಪಕ್ಕದ್ದು ನಾಯಿ ಥರ ಮುಂಗಾಲು ಊರಿ ಕೂತು, ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಕಿವಿ ನೀಲಿ, ಜ್ವರ 106. ಎಬ್ಬಿಸಿ ಬೇರೆ ಪೆನ್ನಿಗೆ ಹಾಕೋಣ ಅಂತ ಕೈ ಹಾಕಿದೆ. "ಓಡಿಸಬೇಡಿ ಸರ್, ಹೋಗಿಬಿಡುತ್ತೆ" ಅಂತ ಅಣ್ಣ ತಡೆದರು.

ಡಾಕ್ಟ್ರು ಫೋನಲ್ಲೇ ಡೋಸ್ ಹೇಳಿದರು. ನೀರಿಗೆ ಔಷಧಿ ಹಾಕಿ ಕೂರಬೇಡಿ, ಹೀಗೆ ಬಿದ್ದಿರೋವು ನೀರೇ ಮುಟ್ಟಲ್ಲ, ಚುಚ್ಚಿ ಅಂದರು. ಫ್ರಿಜ್‌ನಲ್ಲಿ ಸೆಫ್ಟಿಯೋಫರ್ ಅನ್ನೋ ಆ್ಯಂಟಿಬಯಾಟಿಕ್ ಇದ್ದದ್ದು ಎರಡೇ ವಯಲ್. ಯಾವುದಕ್ಕೆ ಕೊಡಲಿ, ಯಾವುದನ್ನು ಬಿಡಲಿ? ಹಿಂದಿನ ಸಂಜೆ ತೊಟ್ಟಿಗೆ ಬರದೇ ಇದ್ದದ್ದು ಯಾವುವು ಅಂತ ಅಣ್ಣನಿಗೆ ನೆನಪಿತ್ತು. ಅವರು ಬೆರಳು ತೋರಿಸಿದ ಹಂದಿಗೆಲ್ಲ ಚುಚ್ಚುತ್ತಾ ಹೋದೆ. ಕೈ ನಡುಗುತ್ತಿತ್ತು.

ಒಟ್ಟು 6 ಹೋದವು. ಪೋಸ್ಟ್‌ಮಾರ್ಟಮ್‌ನಲ್ಲಿ ಶ್ವಾಸಕೋಶ ಲಿವರ್ ಥರ ಗಟ್ಟಿ, ಕಪ್ಪುಗೆಂಪು, ಪಕ್ಕೆಲುಬಿಗೆ ಅಂಟಿಕೊಂಡಿತ್ತು. ಲ್ಯಾಬಿನಿಂದ ಎಪಿಪಿ (ಆ್ಯಕ್ಟಿನೋಬ್ಯಾಸಿಲಸ್ ಪ್ಲೂರೋನ್ಯುಮೋನಿಯೆ, ಹಂದಿಯ ಶ್ವಾಸಕೋಶ ಕೆಡಿಸುವ ಬ್ಯಾಕ್ಟೀರಿಯಾ) ಅಂತ ರಿಪೋರ್ಟ್ ಬಂತು. ಈ ರೋಗಾಣು ಕೆಮ್ಮದ ಹಂದಿಯ ಟಾನ್ಸಿಲ್‌ನಲ್ಲೂ ತಿಂಗಳುಗಟ್ಟಲೆ ಕೂತಿರುತ್ತದಂತೆ. ನಾನು ಮಾತ್ರ ತಿನ್ನುತ್ತಿವೆ ಅನ್ನೋದನ್ನೇ ನಂಬಿದ್ದೆ.

ಟರ್ಪಾಲಿನದು ನನ್ನದೇ ತಪ್ಪು. ಉಚ್ಚೆ-ಹೊಲಸಿನಿಂದ ಏಳುವ ಅಮೋನಿಯಾ ಅನಿಲ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು (25 ಪಿಪಿಎಂ) ದಾಟಬಾರದು ಅಂತ ಓದಿದ್ದೆ, ಆದರೆ ದಿನವೂ ಅಲ್ಲೇ ಇರುವ ಮೂಗಿಗೆ ವಾಸನೆ ಗೊತ್ತಾಗಲ್ಲ. ಈಗ ಹಂದಿಯ ಮೂಗಿನ ಮಟ್ಟಕ್ಕೆ ಕುಕ್ಕರಗಾಲಲ್ಲಿ ಎರಡು ನಿಮಿಷ ಕೂರುತ್ತೇನೆ, ಕಣ್ಣು ಉರಿಯುತ್ತಾ ಅಂತ ನೋಡಲು. ಟರ್ಪಾಲಿನ ಮೇಲೆ ಒಂದು ಮೊಳ ಸಂದು ಬಿಡುತ್ತೇವೆ, ಚಳಿಗೆ ಭತ್ತದ ಹುಲ್ಲು ಹಾಸುತ್ತೇವೆ. ಹೊಸ ಹಂದಿ ಬಂದರೆ 30 ದಿನ ಬೇರೆ. ಹದಿನೈದು ದಿನ ಆದ ಮೇಲೆ ನಮ್ಮವೇ ಎರಡನ್ನು ಅವುಗಳ ಜೊತೆ ಬಿಟ್ಟು ನೋಡುತ್ತೇವೆ, ಇವಕ್ಕೆ ಕೆಮ್ಮು ಶುರುವಾಗುತ್ತಾ ಅಂತ. ರಾತ್ರಿ ಪಾಳಿಯ ಪುಸ್ತಕದಲ್ಲಿ ಕೆಮ್ಮಿಗೆ ಬೇರೆ ಕಾಲಮ್ ಇದೆ. ಅದನ್ನು ಅಣ್ಣ ಬರೆಯುತ್ತಾರೆ, ನಾನು ತಿದ್ದಲ್ಲ.

ಮೊನ್ನೆ ಮತ್ತೆ ಫೀಡ್ ಲೋಡ್ ಬಂತು. ಇಳಿಸಲು ಜಾಗ ಇಲ್ಲ, ಕ್ವಾರಂಟೈನ್ ಶೆಡ್ಡಿನ ಕೀ ಕೊಡಿ ಅಂದರು. ಕೀ ನನ್ನ ಜೇಬಿನಲ್ಲೇ ಇತ್ತು. ಕೊಡಲಿಲ್ಲ.